ಬ್ಯಾಟರಿ ಹಾಕಿಸೋಕೆ ಅಪ್‌ಡೇಟ್ ಯಾಕ್ರೀ ಬೇಕು?

ಫೋನಿನ ಬ್ಯಾಟರಿ ಹೋದರೆ ಬ್ಯಾಟರಿ ಬದಲಿಸಬೇಕು. ವಿಷಯ ಇಷ್ಟೇ. ಪಂಪ್‌ಸೆಟ್ಟಿನ ಕೆಪಾಸಿಟರ್ ಹೋದರೆ ಕೆಪಾಸಿಟರ್ ಹಾಕಿಸುತ್ತೇವೆ, "ಮೊದಲು ಹೊಸ ಬೋರ್ ಕೊರೆಸಿ" ಅಂತ ಯಾರೂ ಹೇಳುವುದಿಲ್ಲ. ಟ್ರ್ಯಾಕ್ಟರಿಗೆ ಹೊಸ ಬ್ಯಾಟರಿ ಕೂರಿಸುವಾಗ ಎಂಜಿನ್ ಬಿಚ್ಚುವುದಿಲ್ಲ. ಮೊಬೈಲ್ ಅಂಗಡಿಗೆ ಹೋದರೆ ಮಾತ್ರ ಬೇರೆ ಪಾಠ ಶುರುವಾಗುತ್ತದೆ.

"ಅಕ್ಕಾ, ಇದು ಹಳೇ ವರ್ಷನ್. ಬ್ಯಾಟರಿ ಹಾಕಿದ್ರೂ ನಿಲ್ಲಲ್ಲ. ಮೊದ್ಲು ಅಪ್‌ಡೇಟ್ ಮಾಡ್ಬೇಕು. ಅಪ್‌ಡೇಟ್ ಬರ್ತಿಲ್ಲ ಅಂದ್ರೆ ಎಕ್ಸ್‌ಚೇಂಜಿಗೆ ಹಾಕಿ, ಇಎಂಐ ಇದೆ."

ವಿದುರಾಶ್ವತ್ಥದ ಸುತ್ತಮುತ್ತಲಿನ ಊರುಗಳವರು ಈ ಮಾತನ್ನು ಈ ಕಡೆ ಗೌರಿಬಿದನೂರಿನಲ್ಲೂ ಕೇಳಿರುತ್ತೀರಿ, ಗಡಿ ದಾಟಿ ಹಿಂದೂಪುರಕ್ಕೆ ಹೋದರೆ ಅಲ್ಲಿ ತೆಲುಗಿನಲ್ಲೂ ಕೇಳಿರುತ್ತೀರಿ. ಇದು ಸುಳ್ಳು. ಅಂಗಡಿಯವರೆಲ್ಲ ಬೇಕೆಂದೇ ಸುಳ್ಳು ಹೇಳುತ್ತಾರೆ ಅಂತ ಅಲ್ಲ. ಅನೇಕರು ಅದನ್ನೇ ನಂಬಿಕೊಂಡಿದ್ದಾರೆ. ನಂಬಿಸಿದವರು ಮೇಲೆ ಇದ್ದಾರೆ, ಅವರ ಮಾತಿಗೆ ಆಮೇಲೆ ಬರುತ್ತೇನೆ.

ನನ್ನ ಚಿಕ್ಕಮ್ಮ ನರೇಗಾ ಕೆಲಸದಲ್ಲಿ ಕಾಯಕ ಬಂಧು. ಕೂಲಿಕಾರರ ಹಾಜರಿಯನ್ನು ದಿನಕ್ಕೆ ಎರಡು ಸಲ ಎನ್‌ಎಂಎಂಎಸ್ ಆ್ಯಪಿನಲ್ಲಿ ಫೋಟೋ ಸಮೇತ ಹಾಕಬೇಕು. 2023ರ ಜನವರಿ 1ರಿಂದ ಇದು ಎಲ್ಲ ಕಡೆ ಕಡ್ಡಾಯವಾಯಿತು. ಅವರದು ನಾಲ್ಕು ವರ್ಷದ ಫೋನ್, 32 ಜಿಬಿ. ಬೇಸಿಗೆಯಲ್ಲಿ ಕೆರೆ ಹೂಳೆತ್ತುವ ಕೆಲಸ ನಡೆಯುವಾಗ ಅದು ಒಂದು ಚಾಳಿ ಕಲಿಯಿತು. ಚಾರ್ಜ್ 28 ಅಂತ ತೋರಿಸುತ್ತಿರುತ್ತದೆ, ಕ್ಯಾಮೆರಾ ತೆಗೆದ ತಕ್ಷಣ ದೀಪ ಊದಿದ ಹಾಗೆ ಆಫ್. ಊಟದ ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಇಟ್ಟುಕೊಂಡು, ಮೂವತ್ತು ಜನರನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ, ಫೋನ್ ಮತ್ತೆ ಆನ್ ಆಗುವ ತನಕ ಕಾಯುವುದು. ಒಬ್ಬರಿಗೆ ಫೋಟೋ ತಪ್ಪಿದರೆ ಹೋಗುವುದು ಫೋನಲ್ಲ, ಆ ದಿನದ ಕೂಲಿ.

ಪೇಟೆಯ ಅಂಗಡಿಯೊಂದಕ್ಕೆ ತೋರಿಸಿದರು. ಬ್ಯಾಟರಿ ಕೇಳಿದರೆ ಅಪ್‌ಡೇಟ್ ಮಾಡಿ 200 ರೂಪಾಯಿ ತೆಗೆದುಕೊಂಡರು. ಮನೆಗೆ ಬಂದು ನೋಡಿದರೆ ಜಾಗ ಫುಲ್, ಕ್ಯಾಮೆರಾ ತೆರೆಯಲು ಮೊದಲಿಗಿಂತ ತಡ, ಆಫ್ ಆಗುವ ಚಾಳಿ ಹಾಗೇ ಇದೆ. "ಮೊದಲಿನ ಹಾಗೇ ಮಾಡಿಕೊಡಪ್ಪ" ಅಂದರೆ "ವಾಪಸ್ ಹೋಗಕ್ಕಾಗಲ್ಲಕ್ಕ" ಅಂತ ಉತ್ತರ. ಕೊನೆಗೆ ಹಿಂದೂಪುರದಲ್ಲಿ ವಯಸ್ಸಾದ ರಿಪೇರಿಯವರೊಬ್ಬರು 900 ರೂಪಾಯಿಗೆ ಬ್ಯಾಟರಿ ಹಾಕಿಕೊಟ್ಟರು. ಅರ್ಧ ಗಂಟೆಯ ಕೆಲಸ. ಸಾಫ್ಟ್‌ವೇರ್ ಏನಾದರೂ ಮಾಡಬೇಕಾ ಅಂತ ಚಿಕ್ಕಮ್ಮ ಕೇಳಿದ್ದಕ್ಕೆ ಆ ಯಜಮಾನರು "ಅದೆಂದುಕಮ್ಮಾ?" ಅಂದರಂತೆ. ಅದು ಯಾಕಮ್ಮಾ ಅಂತ. ನನ್ನ ಪ್ರಶ್ನೆಯೂ ಅದೇ.

28ಕ್ಕೆ ಫೋನ್ ಯಾಕೆ ಆಫ್ ಆಗುತ್ತದೆ ಅಂತ ಗೊತ್ತಾದರೆ ಅಪ್‌ಡೇಟ್ ಮಾತು ಎಷ್ಟು ಪೊಳ್ಳು ಅಂತ ತಿಳಿಯುತ್ತದೆ. ಫೋನಿನೊಳಗೆ ಇರುವುದು ಲಿಥಿಯಂ ಬ್ಯಾಟರಿ. ಚಾರ್ಜ್ ಮಾಡಿ ಖಾಲಿ ಮಾಡಿ, ಚಾರ್ಜ್ ಮಾಡಿ ಖಾಲಿ ಮಾಡಿ, ಸುಮಾರು 500 ಸಲ ಪೂರ್ತಿ ಸುತ್ತಿದ ಮೇಲೆ ಸಾಮಾನ್ಯವಾಗಿ ಅದರ ಶಕ್ತಿ 80 ಪರ್ಸೆಂಟಿನ ಹತ್ತಿರ ಬಂದಿರುತ್ತದೆ. ದಿನಾ ಒಂದು ಸಲ ಚಾರ್ಜ್ ಮಾಡಿದರೆ ಒಂದೂವರೆ ವರ್ಷ, ಎರಡು ವರ್ಷ. ಬಿಸಿಲಿಗೆ ಬಿದ್ದರೆ, ಬೈಕಿನ ಹ್ಯಾಂಡಲ್ ಮೇಲೆ ಕೂತರೆ ಇನ್ನೂ ಬೇಗ. ಇಷ್ಟೇ ಅಲ್ಲ, ಹಳೆಯದಾದಂತೆ ಅದರೊಳಗಿನ ಪ್ರತಿರೋಧ ಹೆಚ್ಚುತ್ತದೆ. ಹೂಳು ತುಂಬಿದ ಪೈಪಿನಂತೆ ಅಂದುಕೊಳ್ಳಿ. ತೊಟ್ಟಿಯಲ್ಲಿ ನೀರಿದೆ, ಸಣ್ಣಗೆ ಬಿಟ್ಟರೆ ಬರುತ್ತದೆ, ಒಂದೇ ಸಲ ಜೋರಾಗಿ ಬೇಕೆಂದರೆ ಬರುವುದಿಲ್ಲ. ಕ್ಯಾಮೆರಾ, ವಿಡಿಯೋ ಕಾಲ್, ಸಿಗ್ನಲ್ ಕಮ್ಮಿ ಇರುವ ಜಾಗ ಎಲ್ಲವೂ ಒಂದೇ ಸಲ ಜೋರಾಗಿ ಕರೆಂಟ್ ಕೇಳುತ್ತವೆ. ವೋಲ್ಟೇಜ್ ಕುಸಿಯುತ್ತದೆ, ಫೋನ್ ಆಫ್.

ಇದು ರಾಸಾಯನಿಕ ಸವೆತ. ಇಂಟರ್‌ನೆಟ್‌ನಿಂದ ಇಳಿಸಿದ ಯಾವ ಸಾಫ್ಟ್‌ವೇರೂ ಸವೆದ ಲಿಥಿಯಂ ಬ್ಯಾಟರಿಯನ್ನು ಹೊಸದು ಮಾಡುವುದಿಲ್ಲ. ಸಾಫ್ಟ್‌ವೇರ್ ಮಾಡಬಹುದಾದದ್ದು ಒಂದೇ: ಫೋನ್ ಕಮ್ಮಿ ಕರೆಂಟ್ ಕೇಳುವಂತೆ ಮಾಡುವುದು. ಅಂದರೆ ಫೋನನ್ನು ನಿಧಾನ ಮಾಡುವುದು, ಇಲ್ಲವೇ ಚಾರ್ಜ್ ತುಂಬುವ ಮಿತಿಯನ್ನು ತಗ್ಗಿಸುವುದು. ಇವೆರಡನ್ನೂ ದೊಡ್ಡ ಕಂಪನಿಗಳು ಮಾಡಿವೆ, ಒಡೆಯರಿಗೆ ಸರಿಯಾಗಿ ಹೇಳದೆ ಮಾಡಿವೆ. ಈಗ ಮೇಲಿನವರ ಕತೆಗೆ ಬರೋಣ.

ನೋಕಿಯಾ 1100 ನೆನಪಿದೆಯಾ? ಟಾರ್ಚ್ ಇದ್ದ ಫೋನು. ಅದರ ಬೆನ್ನು ತೆಗೆದರೆ ಬಿಎಲ್-5ಸಿ ಬ್ಯಾಟರಿ. 2007ರ ಆಗಸ್ಟ್ 14ರಂದು ನೋಕಿಯಾ ಒಂದು ಪ್ರಕಟಣೆ ಕೊಟ್ಟಿತು. ಜಪಾನಿನ ಮತ್ಸುಶಿತ ಕಂಪನಿ 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ಮಾಡಿದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಆಗುವಾಗ ವಿಪರೀತ ಬಿಸಿಯಾಗಬಹುದು, ಬೇಕೆಂದವರಿಗೆ ಪುಕ್ಕಟೆ ಬದಲಿಸಿಕೊಡುತ್ತೇವೆ ಎಂದಿತು. ನಮ್ಮ ದೇಶದಲ್ಲೂ ಜನ ಗಾಬರಿಯಾಗಿ ನೋಕಿಯಾ ಕೇಂದ್ರಗಳ ಮುಂದೆ ನಿಂತರು. ಗಾಬರಿ ಇತ್ತು ನಿಜ, ಆದರೆ ದಾರಿ ಎಷ್ಟು ಸರಳ ನೋಡಿ. ಉಗುರಿನಲ್ಲಿ ಬೆನ್ನು ತೆಗೆ, ಬ್ಯಾಟರಿ ಮೇಲಿನ ನಂಬರ್ ಓದು, ಹಳೆಯದು ಕೊಡು, ಹೊಸದು ಹಾಕು. ಫೋನಿನೊಳಗಿನ ಬೇರೆ ಯಾವುದನ್ನೂ ಯಾರೂ ಮುಟ್ಟಲಿಲ್ಲ. ನಂಬರುಗಳೆಲ್ಲ ಹಾಗೇ ಇದ್ದವು, ಹಾವಿನ ಆಟವೂ ಹಾಗೇ ಇತ್ತು.

ಈಗ 2025ರ ಜನವರಿಗೆ ಬನ್ನಿ. ಗೂಗಲ್ ಕಂಪನಿಯ ಪಿಕ್ಸೆಲ್ 4ಎ ಅನ್ನುವ ಫೋನು. 2020ರಲ್ಲಿ ನಮ್ಮ ದೇಶದಲ್ಲೂ ಮಾರಿದ್ದರು. ಅದಕ್ಕೆ ಅಪ್‌ಡೇಟ್ ಕೊಡುವ ಅವಧಿ 2023ರಲ್ಲೇ ಮುಗಿದಿತ್ತು. ಆದರೂ ಒಂದು ದಿನ ತಾನಾಗಿಯೇ ಒಂದು ಅಪ್‌ಡೇಟ್ ಇಳಿಯಿತು. ಕೆಲವು ಫೋನುಗಳ ಬ್ಯಾಟರಿ ಚಾರ್ಜ್ ಹಿಡಿಯುವ ಮಿತಿಯನ್ನು ಅದು ತಗ್ಗಿಸಿಬಿಟ್ಟಿತು. ನಿನ್ನೆವರೆಗೆ ಚೆನ್ನಾಗಿದ್ದ ಫೋನ್ ಇವತ್ತು ಸಂಜೆವರೆಗೆ ಬರುವುದಿಲ್ಲ. ಹಿಂದಿನ ಸಾಫ್ಟ್‌ವೇರಿಗೆ ಮರಳೋಣ ಅಂದರೆ ಹಳೆಯ ಫೈಲುಗಳನ್ನು ಗೂಗಲ್ ತನ್ನ ತಾಣದಿಂದ ತೆಗೆದುಹಾಕಿತ್ತು. ಮೊದಲು ಬ್ಯಾಟರಿಯ ಸ್ಥಿರತೆಗಾಗಿ ಎಂದರು. ವಿಪರೀತ ಬಿಸಿಯಾಗುವ ಅಪಾಯ ತಪ್ಪಿಸಲು ಅನ್ನುವುದು ಆಮೇಲೆ ಆಸ್ಟ್ರೇಲಿಯಾ ಸರ್ಕಾರದ ಸುರಕ್ಷತಾ ಪ್ರಕಟಣೆಯಲ್ಲಿ ಹೊರಬಿತ್ತು. ಪುಕ್ಕಟೆ ಬ್ಯಾಟರಿ, ಇಲ್ಲವೇ 50 ಡಾಲರ್ ಹಣ, ಇಲ್ಲವೇ ಹೊಸ ಫೋನ್ ಕೊಳ್ಳಲು 100 ಡಾಲರ್ ರಿಯಾಯಿತಿ ಅಂತ ಘೋಷಿಸಿದರು, ಅದನ್ನೂ ಹೇಳಬೇಕು. ಆ ರಿಯಾಯಿತಿಯ ಲೆಕ್ಕ ಮಾತ್ರ ನೋಡಿ. ಹೊಸ ಫೋನ್ ಕಡೆ ಬಂದವನಿಗೆ ಎರಡು ಪಟ್ಟು.

ಎರಡೂ ಬ್ಯಾಟರಿ ಬಿಸಿಯಾಗುವ ಕತೆಯೇ. 2007ರಲ್ಲಿ ಒಡೆಯನ ಕೈಗೆ ಹೊಸ ಬ್ಯಾಟರಿ ಬಂತು. 2025ರಲ್ಲಿ ಒಡೆಯ ನಿದ್ದೆಯಲ್ಲಿರುವಾಗ ಫೋನಿನ ಒಳಗೆ ಕೈ ಹಾಕಿದರು. ಈ ಹದಿನೆಂಟು ವರ್ಷದಲ್ಲಿ ನಾವು ಕಳೆದುಕೊಂಡದ್ದು ಉಗುರಿನಲ್ಲಿ ತೆಗೆಯುವ ಬೆನ್ನು ಮಾತ್ರ ಅಲ್ಲ.

ಆಪಲ್ ಕಂಪನಿಯದು ಇನ್ನೂ ದೊಡ್ಡ ಕತೆ. ನಮ್ಮೂರಲ್ಲಿ ಐಫೋನ್ ಎಷ್ಟು ಜನರ ಹತ್ತಿರ ಇದೆ ಅಂತ ಕೇಳಬೇಡಿ, ಕಂಪನಿಯವರ ಮನಸ್ಸು ತಿಳಿಯಲು ಇದು ಬೇಕು. 2017ರ ಆರಂಭದಲ್ಲಿ ಬಂದ ಒಂದು ಅಪ್‌ಡೇಟ್, ಬ್ಯಾಟರಿ ಸವೆದ ಹಳೆಯ ಐಫೋನ್‌ಗಳನ್ನು ನಿಧಾನ ಮಾಡಿತು. ಉದ್ದೇಶ ಫೋನ್ ದಿಢೀರನೆ ಆಫ್ ಆಗದಿರಲಿ ಅಂತ. ಜನರಿಗೆ ಹಾಗಂತ ಬಿಡಿಸಿ ಹೇಳಲಿಲ್ಲ. ಫೋನಿಗೇ ವಯಸ್ಸಾಯಿತು ಅಂದುಕೊಂಡವರು ಹೊಸದು ಕೊಂಡರು. ಬ್ಯಾಟರಿ ಮಾತ್ರ ಬದಲಿಸಿದವರ ಫೋನು ಮತ್ತೆ ಮೊದಲಿನಂತೆ ಓಡಿತು. ಆಗ ಗುಟ್ಟು ಬಯಲಾಯಿತು. ಡಿಸೆಂಬರ್‌ನಲ್ಲಿ ಕಂಪನಿ ಒಪ್ಪಿಕೊಂಡು, ಕ್ಷಮೆ ಕೇಳಿ, ಅಮೆರಿಕದಲ್ಲಿ ಬ್ಯಾಟರಿ ಬದಲಿಸುವ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು.

ಮುಂದಿನದು ಮುಖ್ಯ. 2019ರ ಜನವರಿಯಲ್ಲಿ ಆಪಲ್ ಮುಖ್ಯಸ್ಥ ಟಿಮ್ ಕುಕ್ ಷೇರುದಾರರಿಗೆ ಪತ್ರ ಬರೆದು ಆದಾಯ ಅಂದುಕೊಂಡಷ್ಟು ಬಂದಿಲ್ಲ ಎಂದರು. ಜನ ಹೊಸ ಫೋನಿಗೆ ಹೋಗದಿರುವುದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು, ಅಗ್ಗದ ದರದಲ್ಲಿ ಬ್ಯಾಟರಿ ಬದಲಿಸಿಕೊಂಡದ್ದು. ಬ್ಯಾಟರಿ ಹೊಸದಾದರೆ ಫೋನ್ ಸಾಕು ಅಂತ ಜನರಿಗೆ ಅನ್ನಿಸುತ್ತದೆ ಎಂದು ಕಂಪನಿಯ ಯಜಮಾನರೇ ಬರೆದುಕೊಟ್ಟ ಹಾಗಾಯಿತು. ಇನ್ನು ಮೇಲೆ ಯಾರಾದರೂ "ಬ್ಯಾಟರಿ ಹಾಕಿದ್ರೂ ನಿಲ್ಲಲ್ಲ" ಅಂದರೆ ಈ ಪತ್ರ ನೆನಪಿಸಿಕೊಳ್ಳಿ.

ಆಪಲ್ ಒಂದೇ ಅಲ್ಲ. 2018ರ ಅಕ್ಟೋಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಎರಡು ಕಂಪನಿಗಳಿಗೆ ದಂಡ ಹಾಕಿತು. ಗ್ಯಾಲಕ್ಸಿ ನೋಟ್ 4 ಇಟ್ಟುಕೊಂಡವರಿಗೆ, ಬೇರೆ ಹೊಸ ಫೋನಿಗಾಗಿ ತಯಾರಾದ ಆಂಡ್ರಾಯ್ಡ್ ಅಪ್‌ಡೇಟನ್ನು ಮತ್ತೆ ಮತ್ತೆ ಹಾಕಿಕೊಳ್ಳುವಂತೆ ಹೇಳಿದ್ದಕ್ಕೆ ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ. ಆಪಲ್‌ಗೆ 1 ಕೋಟಿ ಯೂರೋ, ಅದರಲ್ಲಿ ಅರ್ಧ ಬ್ಯಾಟರಿಯ ಬಾಳಿಕೆ ಮತ್ತು ಬದಲಿಸುವ ಬಗೆಯನ್ನು ಗ್ರಾಹಕರಿಗೆ ತಿಳಿಸದೆ ಇದ್ದದ್ದಕ್ಕೆ. 2020ರ ಫೆಬ್ರವರಿಯಲ್ಲಿ ಫ್ರಾನ್ಸ್ ಆಪಲ್ ಮೇಲೆ ಇನ್ನೂ 2.5 ಕೋಟಿ ಯೂರೋ ದಂಡ ಹಾಕಿತು. ಅಪ್‌ಡೇಟ್ ಮಾಡಿದರೆ ಫೋನ್ ನಿಧಾನವಾಗಬಹುದು ಅಂತ ಹೇಳಿರಲಿಲ್ಲ, ಮಾಡಿದ ಮೇಲೆ ಹಳೆಯದಕ್ಕೆ ವಾಪಸ್ ಹೋಗಲೂ ಬಿಟ್ಟಿರಲಿಲ್ಲ. ನಮ್ಮ ಚಿಕ್ಕಮ್ಮನಿಗೆ ಅಂಗಡಿಯಲ್ಲಿ ಸಿಕ್ಕ ಉತ್ತರವನ್ನೇ ಫ್ರಾನ್ಸಿನ ಸರ್ಕಾರ ತಪ್ಪು ಎಂದಿತು.

ಈಗ ಎದುರು ವಾದ. "ಅಪ್‌ಡೇಟ್ ಬೇಡ ಅಂತ ಹಳ್ಳಿಯವರಿಗೆ ಹೇಳಿಕೊಟ್ಟರೆ ಫೋನ್‌ಪೇ ದುಡ್ಡು ಹೋಗುತ್ತೆ, ಹ್ಯಾಕ್ ಆಗುತ್ತೆ" ಅಂತ ತಿಳಿದವರು ಬೈಯುತ್ತಾರೆ. ಇದರಲ್ಲಿ ಸತ್ಯ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಅಪ್‌ಡೇಟ್ ಅನ್ನುವ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಪ್ಲೇ ಸ್ಟೋರ್‌ನಿಂದ ಬರುವ ಆ್ಯಪ್ ಅಪ್‌ಡೇಟ್ ಒಂದು. ಬ್ಯಾಂಕ್ ಆ್ಯಪು, ವಾಟ್ಸಾಪು, ಇವನ್ನು ಮಾಡಿಕೊಳ್ಳಿ. ಸೆಕ್ಯೂರಿಟಿ ಪ್ಯಾಚ್ ಇನ್ನೊಂದು, ಸಾಮಾನ್ಯವಾಗಿ ಸಣ್ಣದು. ಕಳ್ಳರು ನುಗ್ಗುವ ಕಿಂಡಿ ಮುಚ್ಚುವ ಕೆಲಸ ಅದರದು, ಬಂದರೆ ಹಾಕಿಕೊಳ್ಳಿ. ಮೂರನೆಯದು ಆಂಡ್ರಾಯ್ಡಿನ ಆವೃತ್ತಿಯನ್ನೇ ಬದಲಿಸುವ ದೊಡ್ಡ ಅಪ್‌ಡೇಟ್. ಜಿಬಿಗಟ್ಟಲೆ ಜಾಗ ತಿನ್ನುವುದು, 32 ಜಿಬಿ ಫೋನನ್ನು ಉಸಿರುಕಟ್ಟಿಸುವುದು, ಹಾಕಿದ ಒಂದೆರಡು ದಿನ ಒಳಗೊಳಗೇ ಕೆಲಸ ಮಾಡಿ ಬ್ಯಾಟರಿ ಹೀರುವುದು ಇದು. ನನ್ನ ತಕರಾರು ಈ ಮೂರನೆಯದನ್ನು ಬ್ಯಾಟರಿಗೆ ಗಂಟು ಹಾಕುವವರ ಮೇಲೆ. ಅದನ್ನು ಎಂದೂ ಹಾಕಬೇಡಿ ಅಂತಲೂ ಹೇಳುತ್ತಿಲ್ಲ. ಮೊದಲು ಬ್ಯಾಟರಿ ಹಾಕಿಸಿ, ಒಂದು ವಾರ ನೋಡಿ. ಜಾಗ ಇದ್ದರೆ, ಬೇಕು ಅನ್ನಿಸಿದರೆ, ನಿಮ್ಮ ಮನೆಯಲ್ಲಿ ಕೂತು ನೀವೇ ಹಾಕಿಕೊಳ್ಳಿ. ಅಂಗಡಿಯ ಟೇಬಲ್ ಮೇಲೆ ಅವಸರದಲ್ಲಿ ಬೇಡ.

"ಹಳೇ ವರ್ಷನ್ನಿಗೆ ಏನೂ ನಡೆಯಲ್ಲ" ಅನ್ನುವ ಹೆದರಿಕೆಯೂ ಅತಿಯಾಯಿತು. 2025ರ ಆರಂಭದಲ್ಲಿ ವಾಟ್ಸಾಪ್ ಕೈಬಿಟ್ಟದ್ದು ಆಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನುಗಳನ್ನು. ಆಂಡ್ರಾಯ್ಡ್ 5 ಬಂದದ್ದು 2014ರಲ್ಲಿ. ನಿಮ್ಮ ನಾಲ್ಕೈದು ವರ್ಷದ ಫೋನು ಆ ಸಾಲಿನಲ್ಲಿ ಇಲ್ಲ. ಇನ್ನು ದುಡ್ಡು ಹೋಗುವ ಮಾತು. ನಮ್ಮ ಕಡೆ ಕೇಳಿಬಂದ ಕತೆಗಳಲ್ಲಿ ಕಳ್ಳ ಬಂದದ್ದು ಹಳೇ ಆಂಡ್ರಾಯ್ಡಿನಿಂದಲ್ಲ. ಪಿಎಂ ಕಿಸಾನ್ ಅಂತಲೋ ಆರ್‌ಟಿಒ ಚಲನ್ ಅಂತಲೋ ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲ್ ಒತ್ತಿದ್ದರಿಂದ. ಹೊಚ್ಚ ಹೊಸ ಫೋನಿನಲ್ಲಿ ಒತ್ತಿದರೂ ಅದೇ ಗತಿ. (ಹಾಗೇನಾದರೂ ಆದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.)

ಅಂಗಡಿಗೆ ಹೋಗುವವರಿಗೆ ಗೊತ್ತಿರಬೇಕಾದ ಕೆಲವು ಸಂಗತಿಗಳು. ಬ್ಯಾಟರಿ ಬದಲಿಸಿದರೆ ಫೋಟೋ, ನಂಬರು, ಮೆಸೇಜು ಯಾವುದೂ ಅಳಿಯುವುದಿಲ್ಲ, ಅವು ಇರುವುದು ಬೇರೆ ಚಿಪ್ಪಿನಲ್ಲಿ. "ರೀಸೆಟ್ ಮಾಡಬೇಕು, ಫ್ಲ್ಯಾಶ್ ಮಾಡಬೇಕು" ಅಂದರೆ ಫೋನ್ ವಾಪಸ್ ಇಸ್ಕೊಳ್ಳಿ. ಪಿನ್ ನಂಬರ್ ಹೇಳುವ ಅಗತ್ಯ ಇಲ್ಲ, ಆನ್ ಆಗುತ್ತಾ ಅಂತ ನೋಡಬೇಕಾದರೆ ನೀವೇ ಒತ್ತಿ ತೋರಿಸಿ. ಸಿಮ್, ಮೆಮೊರಿ ಕಾರ್ಡ್ ತೆಗೆದುಕೊಂಡು ಕೊಡಿ. ಅಂಗಡಿಯ ವೈಫೈಗೆ ಸೇರಿಸಬೇಡಿ ಅಂತ ಹೇಳಿ, ವೈಫೈ ಸಿಕ್ಕರೆ ಎಷ್ಟೋ ಫೋನುಗಳು ತಾವೇ ಅಪ್‌ಡೇಟ್ ಇಳಿಸಿಕೊಳ್ಳುತ್ತವೆ. ಸೆಟ್ಟಿಂಗ್ಸ್ ಒಳಗೆ ಸಾಫ್ಟ್‌ವೇರ್ ಅಪ್‌ಡೇಟ್ ಅನ್ನುವ ಕಡೆ ತಾನಾಗಿ ಡೌನ್‌ಲೋಡ್ ಆಗುವ ಬಟನ್ ಇದ್ದರೆ ಮೊದಲೇ ಆಫ್ ಮಾಡಿಕೊಂಡು ಹೋಗಿ.

ಬ್ಯಾಟರಿ ಮೇಲೆ ನಿಮ್ಮ ಮಾಡೆಲ್ಲಿಗೆ ಹೊಂದುವ ನಂಬರ್ ಇರಬೇಕು. ಜೊತೆಗೆ ಬಿಐಎಸ್ ಗುರುತು, ಐಎಸ್ 16046 ಅಂತ ಬರಹ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿ ನೋಡಬಹುದು. ಅದೇ ಅಳತೆಯ ಬ್ಯಾಟರಿಗೆ ಒಂದೂವರೆ ಪಟ್ಟು ಎಂಎಎಚ್ ಬರೆದಿದ್ದರೆ ನಂಬಬೇಡಿ, ಸ್ಟಿಕ್ಕರ್ ಮೇಲೆ ಏನು ಬೇಕಾದರೂ ಬರೆಯಬಹುದು. ಬಿಲ್ ಕೇಳಿ, ಗ್ಯಾರಂಟಿ ಬರೆಸಿ. ಒಳಗಿನ ಬ್ಯಾಟರಿ ಅಂಟಿನಲ್ಲಿ ಕೂತಿರುತ್ತದೆ, ಅದನ್ನು ಚೂಪಾದ ಕಬ್ಬಿಣ ತೂರಿಸಿ ಎಬ್ಬಿಸಬಾರದು, ತೂತಾದರೆ ಬೆಂಕಿ. ಹಾಗಾಗಿ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲಿ ಬಿಚ್ಚಬೇಡಿ. ಬ್ಯಾಟರಿ ಊದಿಕೊಂಡು ಬೆನ್ನು ಎದ್ದಿದ್ದರೆ ಚಾರ್ಜಿಗೆ ಹಾಕುವುದನ್ನು ಇವತ್ತೇ ನಿಲ್ಲಿಸಿ. ಹೊಸದು ಹಾಕಿದ ಮೇಲೆ ಮೊದಲ ಕೆಲವು ದಿನ ಪರ್ಸೆಂಟ್ ಲೆಕ್ಕ ಹೆಚ್ಚುಕಮ್ಮಿ ತೋರಿಸಬಹುದು, ತಾನೇ ಸರಿಹೋಗುತ್ತದೆ. ಐಫೋನ್ ಇರುವವರಿಗೆ ಒಂದು ಮಾತು: ಕಂಪನಿಯದಲ್ಲದ ಬ್ಯಾಟರಿ ಹಾಕಿದರೆ ಈಚಿನ ಮಾಡೆಲ್ಲುಗಳಲ್ಲಿ ಅದು ಅಪರಿಚಿತ ಭಾಗ ಅಂತ ಸಂದೇಶ ಬರುತ್ತದೆ. ಹೆದರಿಸುವ ಬರಹ ಅದು, ಫೋನು ಕೆಲಸ ಮಾಡುತ್ತದೆ.

ಲೆಕ್ಕ ಹಾಕೋಣ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 12,000 ರೂಪಾಯಿಯ ಹೊಸ ಫೋನ್ ಅಂದರೆ 32 ದಿನದ ಕೂಲಿ ಮುಗಿದು ಮೇಲೆ ಸ್ವಲ್ಪ. 900 ರೂಪಾಯಿಯ ಬ್ಯಾಟರಿ ಎರಡೂವರೆ ದಿನದ್ದು. ಉಳಿದ ಮೂವತ್ತು ದಿನದ ಬೆವರನ್ನು ಯಾರಿಗೆ ಕೊಡಬೇಕು ಅನ್ನುವುದು ಇಲ್ಲಿನ ಪ್ರಶ್ನೆ. ಹಾಲಿನ ದುಡ್ಡಿನ ಮೆಸೇಜ್, ಪಡಿತರದ ಓಟಿಪಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಖಾತೆಗೆ ಬಂದ ಹಣದ ಸಂದೇಶ, ಇವಕ್ಕೆ ಹೊಸ ಆಂಡ್ರಾಯ್ಡ್ ಬೇಕಾಗಿಲ್ಲ. ಸಂಜೆವರೆಗೆ ಆಫ್ ಆಗದ ಫೋನ್ ಬೇಕು.

ಸರ್ಕಾರವೂ ಇದರಲ್ಲಿ ಪಾಲುದಾರ. ಹಾಜರಿಗೆ ಆ್ಯಪು, ಅಂಗನವಾಡಿಗೆ ಆ್ಯಪು, ಬೆಳೆ ಸಮೀಕ್ಷೆಗೆ ಆ್ಯಪು ಅಂತ ಮಾಡಿ, ಫೋನಿನ ಖರ್ಚು ಮಾತ್ರ ಎಷ್ಟೋ ಕಡೆ ಕೆಲಸ ಮಾಡುವವರ ತಲೆಗೇ ಕಟ್ಟಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಫೋನು ಮತ್ತು ಎಲೆಕ್ಟ್ರಾನಿಕ್ ವಸ್ತುಗಳಿಗೆ ರಿಪೇರಿ ಅಂಕ ಕೊಡುವ ಬಗ್ಗೆ ಅದರ ಸಮಿತಿ 2025ರ ಮೇ ತಿಂಗಳಲ್ಲಿ ವರದಿಯನ್ನೂ ಕೊಟ್ಟಿತು. ಒಳ್ಳೆಯದೇ. ಆದರೆ ಪೋರ್ಟಲ್ ನೋಡಿ ಯಾರ ಬ್ಯಾಟರಿಯೂ ಬದಲಾಗುವುದಿಲ್ಲ. ಯುರೋಪ್ ಒಕ್ಕೂಟ ಏನು ಮಾಡಿದೆ ನೋಡಿ: ಮಾರುಕಟ್ಟೆಗೆ ಬರುವ ಫೋನುಗಳ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ 80 ಪರ್ಸೆಂಟ್ ಉಳಿಸಿಕೊಳ್ಳಬೇಕು ಅನ್ನುವ ನಿಯಮ 2025ರ ಜೂನ್ 20ರಿಂದ ಜಾರಿಯಲ್ಲಿದೆ. ಬಿಡಿಭಾಗಗಳು ಆ ಮಾಡೆಲ್ ಮಾರಾಟ ನಿಂತ ಮೇಲೂ 7 ವರ್ಷ ಸಿಗಬೇಕು. ಅಲ್ಲಿ ಮಾರುವ ಅದೇ ಕಂಪನಿಗಳು ಇಲ್ಲಿಯೂ ಮಾರುತ್ತವೆ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ನಮ್ಮ ಕಾನೂನಿನಲ್ಲಿ ಮೂರು ಸಾಲು ಬೇಕು. ಬ್ಯಾಟರಿ ಬದಲಿಸಲು ಸಾಫ್ಟ್‌ವೇರ್ ಅಪ್‌ಡೇಟ್ ಶರತ್ತಾಗಬಾರದು. ಬ್ಯಾಟರಿಯ ಶಕ್ತಿಯನ್ನೋ ಫೋನಿನ ವೇಗವನ್ನೋ ತಗ್ಗಿಸುವ ಅಪ್‌ಡೇಟ್ ಆದರೆ ಅದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಮೊದಲೇ ಹೇಳಬೇಕು. ಬೇಡವೆಂದವರಿಗೆ ಹಳೆಯದಕ್ಕೆ ಮರಳುವ ದಾರಿ ಇರಬೇಕು. ಕಾನೂನು ಬರುವ ತನಕ ಕೈಯಲ್ಲಿರುವುದು ಗ್ರಾಹಕ ಸಹಾಯವಾಣಿ 1915. ಕೇಳದೆ ಅಪ್‌ಡೇಟ್ ಮಾಡಿ ದುಡ್ಡು ತೆಗೆದುಕೊಂಡಿದ್ದರೆ, ಬ್ಯಾಟರಿ ಇದ್ದೂ ಇಲ್ಲ ಅಂದಿದ್ದರೆ, ಬಿಲ್ ಇಟ್ಟುಕೊಂಡು ಫೋನ್ ಮಾಡಿ, ಕನ್ನಡದಲ್ಲೇ ಹೇಳಿ. ತೆಗೆದ ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬೇಡಿ, ಅಂಗಡಿಗೇ ಕೊಟ್ಟು ಬನ್ನಿ. ಹಳೆಯ ಬ್ಯಾಟರಿಗಳನ್ನು ವಾಪಸ್ ಸಂಗ್ರಹಿಸುವ ಹೊಣೆಯನ್ನು 2022ರ ನಿಯಮ ಕಂಪನಿಗಳ ಮೇಲೇ ಹಾಕಿದೆ.